ಗರಿ ಬಿಡಿ, ಕಟ್ಟಳೆ ಹಿಡಿಯಿರಿ: ಇಂಡೋನೇಷ್ಯಾದಿಂದ ಕಲಿತು ಕಲ್ಪನೆಯ ಬುಡಕಟ್ಟು ಕಟ್ಟುವ ಬಗೆ

ಕೆಲವು ವರ್ಷಗಳ ಹಿಂದೆ ನಾನೊಂದು ಫ್ಯಾಂಟಸಿ ಕಾದಂಬರಿ ಶುರು ಮಾಡಿದ್ದೆ. ಅದರಲ್ಲೊಂದು ದ್ವೀಪ, ದ್ವೀಪದಲ್ಲೊಂದು ಬುಡಕಟ್ಟು. ಮೈತುಂಬ ಹಚ್ಚೆ, ತಲೆಗೆ ಮಂಗಟ್ಟೆ ಹಕ್ಕಿಯ ಗರಿ, ದೋಣಿಯ ಹಾಗೆ ಬಾಗಿದ ಸೂರು, ಮನೆ ಮುಂದೆ ಕೋಣದ ಕೊಂಬುಗಳ ಸಾಲು, ಬಂಡೆಯ ಗೂಡಿನಲ್ಲಿ ಸತ್ತವರ ಮರದ ಗೊಂಬೆಗಳು. ಎಲ್ಲವೂ ಇಂಡೋನೇಷ್ಯಾದ ಫೋಟೋಗಳನ್ನು ನೋಡಿ ಎತ್ತಿಕೊಂಡದ್ದು. ಮೂರು ಅಧ್ಯಾಯ ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು: "ಇವ್ರು ಬೆಳಗ್ಗೆ ತಿಂಡಿಗೆ ಏನು ತಿಂತಾರೆ?"

ನನಗೆ ಗೊತ್ತಿರಲಿಲ್ಲ. ಅವರಲ್ಲಿ ಯಾರು ಯಾರಿಗೆ ಸಾಲ ಕೊಡುತ್ತಾರೆ, ಹೆಣ್ಣು ಕೇಳಲು ಯಾರ ಮನೆಗೆ ಹೋಗಬೇಕು, ಅಣ್ಣತಮ್ಮಂದಿರು ಕಿತ್ತಾಡಿದರೆ ಬಿಡಿಸುವವರು ಯಾರು, ಅದೂ ಗೊತ್ತಿರಲಿಲ್ಲ. ಆ ಜನಕ್ಕೆ ವೇಷ ಇತ್ತು, ಬದುಕು ಇರಲಿಲ್ಲ. ಸಾಲದ್ದಕ್ಕೆ ಗರಿ ಬೋರ್ನಿಯೋ ದ್ವೀಪದ್ದು, ಮನೆ ಸುಲಾವೆಸಿ ದ್ವೀಪದ್ದು. ಕೊಡವರ ಕುಪ್ಯ ತೊಡಿಸಿ, ಹೆಗಲಿಗೆ ಡೊಳ್ಳು ಕಟ್ಟಿ, ರಾಜಸ್ಥಾನದ ಹವೇಲಿಯಲ್ಲಿ ಕೂರಿಸಿ "ಇವರೇ ಭಾರತದ ಜನ" ಅಂದ ಹಾಗೆ. ಆ ಕರಡನ್ನು ಬಿಸಾಕಿದೆ. ಆಮೇಲೆ ಕೆಲಸ ಮಾಡುವ ರೀತಿ ಬದಲಾಯಿತು. ಆ ರೀತಿ ಹೀಗಿದೆ.

ಹಂತ 1: ದೇಶ ಬೇಡ, ಒಂದು ಊರು ಆರಿಸಿ

"ಇಂಡೋನೇಷ್ಯಾದ ಸಂಸ್ಕೃತಿ" ಅಂತ ಒಂದು ಇಲ್ಲ. 17,000ಕ್ಕೂ ಹೆಚ್ಚು ದ್ವೀಪಗಳು, 700ಕ್ಕೂ ಹೆಚ್ಚು ಭಾಷೆಗಳು. 2010ರ ಜನಗಣತಿ 1,300ಕ್ಕೂ ಹೆಚ್ಚು ಜನಾಂಗಗಳನ್ನು ಲೆಕ್ಕ ಹಾಕಿತು. ಸುಮಾತ್ರಾ ಒಂದನ್ನೇ ನೋಡಿ. ತೋಬಾ ಸರೋವರದ ಸುತ್ತ ಇರುವ ತೋಬಾ ಬಟಾಕ್ ಜನರಲ್ಲಿ ಕುಲ ಅಪ್ಪನಿಂದ ಬರುತ್ತದೆ, ಹೆಚ್ಚಿನವರು ಕ್ರೈಸ್ತರು. ದಕ್ಷಿಣಕ್ಕೆ ಅವರಿಗೆ ಹೆಚ್ಚು ದೂರವಿಲ್ಲದ ಮಿನಾಂಗ್‌ಕಬಾವ್ ಜನರಲ್ಲಿ ಕುಲ ಅಮ್ಮನಿಂದ ಬರುತ್ತದೆ, ಅವರು ಮುಸ್ಲಿಮರು. ಒಂದೇ ದ್ವೀಪ, ಲೆಕ್ಕ ಪೂರಾ ಉಲ್ಟಾ.

ಒಂದು ಹೆಸರನ್ನು ಹಿಡಿದ ಮೇಲೂ ಅದನ್ನು ಇನ್ನೊಂದು ಸಲ ಒಡೆದು ನೋಡಿ. "ದಯಾಕ್" ಅನ್ನುವುದು ಬೋರ್ನಿಯೋದ ನೂರಾರು ಗುಂಪುಗಳನ್ನು ಒಟ್ಟಿಗೆ ತುಂಬಿದ ದೊಡ್ಡ ಚೀಲ. ಇಬಾನ್, ಕೆನ್ಯಾಹ್, ಙಾಜು ಎಲ್ಲರೂ ಅದರೊಳಗಿದ್ದಾರೆ, ಎಲ್ಲರೂ ಬೇರೆ ಬೇರೆ. ಇನ್ನು "ಬುಡಕಟ್ಟು" ಅನ್ನುವ ಪದವನ್ನೂ ಎಲ್ಲರಿಗೂ ಅಂಟಿಸಬೇಡಿ. ಜಾವಾದ ಜನ 9 ಕೋಟಿಗೂ ಹೆಚ್ಚು. ಅರಮನೆ, ಆಸ್ಥಾನ ಕವಿಗಳು, ಸಾವಿರ ವರ್ಷ ಮೀರಿದ ಬರಹ ಎಲ್ಲ ಇರುವ ಜನ ಅವರು. ಅವರನ್ನು ಮಾದರಿ ಮಾಡಿಕೊಂಡು ಕಾಡಿನಲ್ಲಿ ಕುಣಿಯುವ ಗುಂಪು ಬರೆದರೆ ನಗೆಪಾಟಲು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ನಾನೂ ಬಿದ್ದಿದ್ದೇನೆ. ಅಲ್ಲಿನ ರಾಷ್ಟ್ರಲಾಂಛನದಲ್ಲಿ ಗರುಡ, ಪ್ರಂಬನನ್ ದೇವಾಲಯದ ಅಂಗಳದಲ್ಲಿ ರಾಮಾಯಣದ ನೃತ್ಯ, ಬಾಲಿಯಲ್ಲಿ ಶಕವರ್ಷ. ನೋಡಿದ ಕೂಡಲೇ "ಅಯ್ಯೋ, ಇದು ನಮ್ಮದೇ!" ಅನ್ನಿಸಿಬಿಡುತ್ತದೆ. ಆದರೆ ಅಲ್ಲಿ 100ರಲ್ಲಿ ಸುಮಾರು 87 ಜನ ಮುಸ್ಲಿಮರು. ರಾಮಾಯಣವೂ ಅವರದೇ, ನಮಾಜೂ ಅವರದೇ. ಬಾಲಿಯ ಹೊಸ ವರ್ಷ 'ನ್ಯೆಪಿ' ಬರುವುದು ನಮ್ಮ ಯುಗಾದಿಯ ಆಸುಪಾಸಿನಲ್ಲೇ. ಆದರೆ ನಾವು ಒಬ್ಬಟ್ಟು ತಟ್ಟುವ ಹೊತ್ತಿಗೆ ಅವರು ಒಲೆ ಹಚ್ಚುವುದಿಲ್ಲ, ದೀಪ ಹಚ್ಚುವುದಿಲ್ಲ, ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಬಾಲಿಯ ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. ಪದಗಳೂ ಹಾಗೆ ಮೋಸ ಮಾಡುತ್ತವೆ. ಇಂಡೋನೇಷ್ಯನ್ ಭಾಷೆಯಲ್ಲಿ 'ನೆಗಾರ' ಅಂದರೆ ನಗರವಲ್ಲ, ದೇಶ. 'ಉಪಚಾರ' ಅಂದರೆ ಅತಿಥಿಗೆ ಕೊಡುವ ಕಾಫಿ ತಿಂಡಿಯಲ್ಲ, ವಿಧಿ ಆಚರಣೆ. 'ದೋಸಾ' ಅಂದರೆ ಪಾಪ. ಬೆಳಗ್ಗೆ ಎದ್ದು ಎರಡು ಮಸಾಲೆ ಪಾಪ ತಿನ್ನುವವರು ನಾವು! ಪರಿಚಿತ ಅನ್ನಿಸಿದ ಕಡೆಯೇ ಜಾಸ್ತಿ ಓದಬೇಕು. ಅಪರಿಚಿತವಾದದ್ದನ್ನು ಹೇಗೂ ಎಚ್ಚರದಿಂದ ಓದುತ್ತೇವೆ.

ಹಂತ 2: ಫೋಟೋ ಮುಚ್ಚಿಟ್ಟು ಕಟ್ಟಳೆ ಹುಡುಕಿ

ಇಂಡೋನೇಷ್ಯಾದಾದ್ಯಂತ 'ಆದತ್' ಅನ್ನುವ ಪದ ಕೇಳುತ್ತದೆ. ಮೂಲ ಅರಬ್ಬಿ. ನಮ್ಮ ಕಟ್ಟಳೆ, ಕಟ್ಟುಪಾಡು, ರೂಢಿ ಮೂರನ್ನೂ ಸೇರಿಸಿದರೆ ಅದರ ಹತ್ತಿರ ಬರುತ್ತದೆ. ನಿಮಗೆ ಬೇಕಾಗಿರುವುದು ಅದು. ಒಂದು ಕಟ್ಟಳೆ ಸಿಕ್ಕಿದರೆ ಅದರಿಂದ ನೂರು ದೃಶ್ಯ ಹುಟ್ಟುತ್ತವೆ. ಒಂದು ಗರಿಯಿಂದ ಒಂದು ವರ್ಣನೆ, ಅಷ್ಟೇ.

ನನಗೆ ತುಂಬ ಇಷ್ಟವಾದದ್ದು ತೋಬಾ ಬಟಾಕರ 'ದಲಿಹಾನ್ ನ ತೊಲು'. ಪದಶಃ ಅರ್ಥ ಒಲೆಯ ಮೂರು ಕಲ್ಲು. ಮೂರು ಕಲ್ಲಿನ ಒಲೆ ಕಂಡವರಿಗೆ ವಿವರಿಸಬೇಕಿಲ್ಲ. ಒಂದು ಕಲ್ಲು ಜಾರಿದರೆ ಪಾತ್ರೆ ಮಗುಚಿತು. ಬಟಾಕರಿಗೆ ಆ ಮೂರು ಕಲ್ಲು ಅಂದರೆ ಮೂರು ಬಗೆಯ ನೆಂಟರು. ನಮಗೆ ಹೆಣ್ಣು ಕೊಟ್ಟ ಮನೆಯವರು 'ಹುಲಾ-ಹುಲಾ'. ನಮ್ಮ ಕುಲದವರೇ 'ದೊಂಗನ್ ತುಬು'. ನಮ್ಮ ಹೆಣ್ಣು ತಂದುಕೊಂಡ ಮನೆಯವರು 'ಬೊರು'. ಹುಲಾ-ಹುಲಾಗೆ ತಲೆಬಾಗು, ಬೊರುವನ್ನು ಅಕ್ಕರೆಯಿಂದ ಒಲಿಸಿಕೊ, ದೊಂಗನ್ ತುಬು ಜೊತೆ ಎಚ್ಚರವಾಗಿರು ಅಂತ ಅವರ ಮಾತು. ಸ್ವಂತ ದಾಯಾದಿಗಳ ಜೊತೆಯೇ ಎಚ್ಚರ! ಆಸ್ತಿ ಪಾಲು ನೋಡಿದವರು ಯಾರೂ ಇದನ್ನು ಅಲ್ಲಗಳೆಯಲಾರರು.

ಇದರ ಸೊಗಸು ಎಲ್ಲಿದೆ ಅಂದರೆ, ಇಲ್ಲಿ ಯಾರೂ ಯಾವಾಗಲೂ ಮೇಲಲ್ಲ. ನಾನು ಹೆಂಡತಿಯ ತವರಿಗೆ ಬೊರು. ಅವರ ಮನೆಯ ಕಾರ್ಯದಲ್ಲಿ ನಾನು ಅಡುಗೆಗೆ ನಿಂತು ಬಡಿಸಬೇಕು. ಅದೇ ನಾನು ತಂಗಿಯ ಗಂಡನ ಮನೆಗೆ ಹುಲಾ-ಹುಲಾ. ಅಲ್ಲಿ ಹೋದರೆ ಗೌರವದ ಜಾಗದಲ್ಲಿ ಕೂತು, 'ಉಲೊಸ್' ಅನ್ನುವ ಬಟ್ಟೆ ಹೊದೆಸಿ ಹರಸಿ ಬರುತ್ತೇನೆ. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣು ಕೊಟ್ಟವರು ಕೈಕಟ್ಟಿ ನಿಲ್ಲುತ್ತಾರೆ, ಗಂಡಿನ ಕಡೆಯವರು ಕಾಫಿ ತಣ್ಣಗಿದೆ ಅಂತ ಮುಖ ಊದಿಸಿಕೊಳ್ಳುತ್ತಾರೆ. ಬಟಾಕರಲ್ಲಿ ಅದು ತಿರುವುಮುರುವು.

ಈಗ ಕಥೆಗಾರರಾಗಿ ಯೋಚಿಸಿ. ನಿಮ್ಮ ಸೇನಾಪತಿ ನಿನ್ನೆ ಯುದ್ಧ ಗೆದ್ದು ಬಂದಿದ್ದಾನೆ. ಇವತ್ತು ಹೆಂಡತಿಯ ತಮ್ಮನ ಮನೆಯಲ್ಲಿ ಹಬ್ಬ. ಆ ತಮ್ಮ ಯುದ್ಧದಿಂದ ಓಡಿ ಬಂದ ಹೇಡಿ. ಸೇನಾಪತಿ ಅವನ ಎದುರು ಸೌಟು ಹಿಡಿದು ನಿಲ್ಲಬೇಕು. ಒಂದೇ ಒಂದು ಕಟ್ಟಳೆ, ಅಧ್ಯಾಯಪೂರ್ತಿ ಬಿಗಿ. ಇದಕ್ಕೆ ಹಚ್ಚೆಯೂ ಬೇಡ, ಕೊಂಬೂ ಬೇಡ.

ಮಿನಾಂಗ್‌ಕಬಾವ್ ಜನರದು ಇನ್ನೊಂದು ಬಗೆ. ಮನೆ, ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತವೆ. ಗಂಡಸರು ದುಡಿಯಲು, ಕಲಿಯಲು ಊರು ಬಿಟ್ಟು ಹೋಗುವುದಕ್ಕೆ 'ಮೆರಂತಾವ್' ಅಂತಲೇ ಹೆಸರಿದೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದು ಬೇಗ ಹಿಡಿಯುತ್ತದೆ. ಅಮ್ಮನ ಸೋದರನನ್ನು ಅವರು 'ಮಾಮಕ್' ಅನ್ನುತ್ತಾರೆ. ಸ್ವಂತ ಮಗುವನ್ನು ಮಡಿಲಲ್ಲಿಟ್ಟುಕೊ, ಸೋದರಳಿಯನನ್ನು ಕೈಹಿಡಿದು ನಡೆಸು ಎಂಬ ಅರ್ಥದ ಗಾದೆಯೂ ಇದೆ. ಹೆಂಡತಿಯ ಮನೆಯಲ್ಲಿ ಗಂಡನ ಸ್ಥಾನ ಮರದ ಮೋಟಿನ ಮೇಲಿನ ಬೂದಿಯ ಹಾಗೆ ಅನ್ನುತ್ತಾರೆ. ಗಾಳಿ ಬೀಸಿದರೆ ಹಾರಿತು. ಆದರೆ ಇದನ್ನು ನೋಡಿ "ಹೆಂಗಸರ ರಾಜ್ಯ" ಅಂತ ಬರೆಯಲು ಹೋಗಬೇಡಿ. ಕುಲದ ಮುಖ್ಯಸ್ಥನ ಪಟ್ಟ ಗಂಡಸಿನದೇ. ಅದು ಅಪ್ಪನಿಂದ ಮಗನಿಗಲ್ಲ, ಮಾಮನಿಂದ ಅಳಿಯನಿಗೆ ಹೋಗುತ್ತದೆ. ಆಸ್ತಿ ಒಬ್ಬರ ಕೈಯಲ್ಲಿ, ಮಾತು ಇನ್ನೊಬ್ಬರ ಬಾಯಲ್ಲಿ. ಜಗಳ ಹುಟ್ಟುವುದೇ ಆ ಸಂದಿಯಲ್ಲಿ.

ಮಲುಕು ದ್ವೀಪಗಳಿಂದ ಚಿಕ್ಕದೆರಡು. 'ಸಾಸಿ' ಅಂದರೆ ತೆಂಗು, ಮೀನು, ಚಿಪ್ಪು ಇಂಥದಕ್ಕೆ ಇಂತಿಷ್ಟು ಕಾಲ ಯಾರೂ ಕೈ ಹಚ್ಚಬಾರದು ಅನ್ನುವ ತಡೆ. ಗುರುತಿಗೆ ತೆಂಗಿನ ಗರಿಯ ಎಳೆಗಳನ್ನು ಕಟ್ಟುತ್ತಾರೆ, ಅಷ್ಟೇ. 'ಪೆಲಾ' ಅಂದರೆ ಎರಡು ಹಳ್ಳಿಗಳ ಆಣೆಯ ಬಂಧ. ಎಷ್ಟೋ ಕಡೆ ಒಂದು ಹಳ್ಳಿ ಕ್ರೈಸ್ತರದು, ಇನ್ನೊಂದು ಮುಸ್ಲಿಮರದು. ಕಷ್ಟಕ್ಕೆ ಒಬ್ಬರಿಗೊಬ್ಬರು ಬರಲೇಬೇಕು. ಆದರೆ ಆ ಎರಡು ಹಳ್ಳಿಗಳ ಹುಡುಗ ಹುಡುಗಿ ಮದುವೆ ಆಗುವಂತಿಲ್ಲ, ಒಡಹುಟ್ಟಿದವರಾಯಿತಲ್ಲ! ಪ್ರೇಮಕಥೆಗೆ ಅಡ್ಡಿ ಬೇಕು ಅಂತ ಒದ್ದಾಡುವವರು ಇದನ್ನೊಮ್ಮೆ ನೋಡಿ. ಇಲ್ಲಿ ಪ್ರೇಮಿಗಳನ್ನು ಬೇರೆ ಮಾಡುವುದು ದ್ವೇಷವಲ್ಲ, ಸ್ನೇಹ.

ಹಂತ 3: ಆ ಕಟ್ಟಳೆ ಯಾಕಿದೆ ಅಂತ ಕೇಳಿ

ಹೆಚ್ಚಿನವರು ಇಲ್ಲಿ ಅವಸರ ಮಾಡುತ್ತಾರೆ. ನಾನು ನಿಧಾನ ಮಾಡಲು ಕಲಿತದ್ದು ಬಾಲಿಯ 'ಸುಬಾಕ್' ಓದಿದಾಗ.

ಸುಬಾಕ್ ಅಂದರೆ ಒಂದೇ ನೀರಿನ ಮೂಲ ನಂಬಿದ ಭತ್ತದ ರೈತರ ಕೂಟ. 2012ರಲ್ಲಿ ಯುನೆಸ್ಕೋ ಇದರ ಗದ್ದೆಗಳನ್ನೂ ನೀರಿನ ಗುಡಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆ. ನೀರು ಮೇಲಿನಿಂದ ಬರುತ್ತದೆ. ಯಾವ ಸುಬಾಕ್ ಯಾವಾಗ ನೀರು ತೆಗೆದುಕೊಳ್ಳಬೇಕು, ಯಾವಾಗ ನಾಟಿ ಮಾಡಬೇಕು ಅನ್ನುವುದು ನೀರಿನ ಗುಡಿಗಳಲ್ಲಿ ನಿರ್ಧಾರವಾಗುತ್ತದೆ. ಬತೂರ್ ಕೆರೆಯ ದೇವಿ, 'ದೇವಿ ದಾನು', ಆ ನೀರಿನ ಒಡತಿ.

ಪ್ರವಾಸಿ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದು. ಕಥೆಗಾರರು ಕೇಳಬೇಕಾದ ಪ್ರಶ್ನೆ ಬೇರೆ. ಮೇಲಿನ ಗದ್ದೆಯವನು ನೀರು ಯಾಕೆ ಬಿಡುತ್ತಾನೆ? ಅವನ ಕೈಯಲ್ಲೇ ತೂಬು ಇದೆ. ಪೂರ್ತಿ ಎಳೆದುಕೊಂಡರೆ ಕೆಳಗಿನವನು ಏನು ಮಾಡಲು ಸಾಧ್ಯ?

ಉತ್ತರ ಇಲಿ ಮತ್ತು ಹುಳು. ಇಡೀ ಕಣಿವೆ ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಹುಳುವಿಗೆ ತಿನ್ನಲು ಏನೂ ಇರುವುದಿಲ್ಲ, ಸಾಯುತ್ತದೆ. ಒಬ್ಬರ ಪೈರು ಹಸಿರಿದ್ದು ಪಕ್ಕದವರದ್ದು ಕೊಯ್ಲಾಗಿದ್ದರೆ ಹುಳು ಗದ್ದೆಯಿಂದ ಗದ್ದೆಗೆ ಊರೂರು ಸುತ್ತುತ್ತದೆ. ಹಾಗಾಗಿ ಕೆಳಗಿನವನೂ ತನ್ನ ಹೊತ್ತಿಗೆ ಸರಿಯಾಗಿ ಬೆಳೆಯಬೇಕು ಅನ್ನುವುದು ಮೇಲಿನವನ ಸ್ವಾರ್ಥ. ಅವನು ಬೆಳೆಯಬೇಕಾದರೆ ನೀರು ಕೊಡಬೇಕು. ಕೆಳಗಿನವನಿಗೆ ಬರದ ಭಯ, ಮೇಲಿನವನಿಗೆ ಹುಳುವಿನ ಭಯ. ಭಯ ಎರಡು, ಒಪ್ಪಂದ ಒಂದು.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ ಹಾಕಿ, ಗುಡಿಯ ಲೆಕ್ಕ ಬಿಟ್ಟು ಎಷ್ಟು ಸಲ ಆದರೆ ಅಷ್ಟು ಸಲ ಬೆಳೆಯಿರಿ ಅಂತ ಹೇಳಿದರು. ಸರದಿ ತಪ್ಪಿತು. ನೀರಿಗೆ ಎಳೆದಾಟ, ಹುಳುವಿನ ಹಾವಳಿ. ಆಮೇಲೆ ಸ್ಟೀಫನ್ ಲ್ಯಾನ್ಸಿಂಗ್ ಅನ್ನುವ ಮಾನವಶಾಸ್ತ್ರಜ್ಞರು ಜೇಮ್ಸ್ ಕ್ರೆಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಸೇರಿ ಕಂಪ್ಯೂಟರ್ ಮಾದರಿ ಮಾಡಿ, ಗುಡಿಗಳ ಸರದಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಿದರು.

ಇದನ್ನು ಓದಿ "ನೋಡಿ, ಹಿರಿಯರು ಮಾಡಿದ್ದೆಲ್ಲ ವಿಜ್ಞಾನವೇ" ಅನ್ನುವ ವಾಟ್ಸಾಪ್ ದನಿಗೆ ಜಾರಬೇಡಿ. ಬಾಲಿಯ ರೈತ ಗುಡಿಗೆ ಹೋಗುವುದು ದೇವಿಗೆ ನಡೆದುಕೊಳ್ಳಲು, ಕೀಟಶಾಸ್ತ್ರ ಓದಲು ಅಲ್ಲ. ನಿಮ್ಮ ಪಾತ್ರಗಳೂ ತಮ್ಮ ಕಟ್ಟಳೆಯ ಕಾರಣವನ್ನು ಭಾಷಣದಲ್ಲಿ ಹೇಳಬಾರದು. ಕಾರಣ ನಿಮಗೆ ಗೊತ್ತಿದ್ದರೆ ಸಾಕು.

ಹಂತ 4: ನೆಲ ಬದಲಿಸಿ, ಕಟ್ಟಳೆ ಏನಾಗುತ್ತದೆ ನೋಡಿ

ಸುಬಾಕನ್ನು ಹೆಸರು ಬದಲಿಸಿ ಹಾಗೇ ಇಟ್ಟರೆ ಅದು ಬಾಲಿಯೇ. ಬುದ್ಧಿವಂತ ಓದುಗರು ಎರಡನೇ ಪುಟಕ್ಕೆ ಹಿಡಿಯುತ್ತಾರೆ. ನನ್ನ ಎರಡನೇ ಪ್ರಯತ್ನದಲ್ಲಿ ನಾನು ಉಳಿಸಿಕೊಂಡದ್ದು "ಭಯ ಎರಡು, ಒಪ್ಪಂದ ಒಂದು" ಅನ್ನುವುದನ್ನು ಮಾತ್ರ. ನೆಲ, ನೀರು, ಬೆಳೆ ಎಲ್ಲ ಕಿತ್ತು ಹಾಕಿದೆ.

ನನ್ನ ಜನ ಕಡಲಿನ ಪಕ್ಕದ ಕಡಿದಾದ ಬಂಡೆಯ ಮೇಲೆ ಇದ್ದಾರೆ. ನದಿ ಇಲ್ಲ, ಮಳೆ ಅಪರೂಪ. ರಾತ್ರಿ ಕಡಲಿಂದ ಮಂಜು ಏರುತ್ತದೆ. ಅವರು ನಾರಿನ ಬಲೆಗಳನ್ನು ಕಟ್ಟಿ ಮಂಜು ಹಿಡಿಯುತ್ತಾರೆ. ಬಲೆಯಿಂದ ತೊಟ್ಟಿಕ್ಕಿದ ನೀರು ಕಲ್ಲಿನ ದೋಣಿಗೆ. ಮಂಜು ಕೆಳಗಿನಿಂದ ಬರುವುದರಿಂದ ಕೆಳಗಿನ ಕೇರಿಯವರಿಗೆ ಮೊದಲ ಪಾಲು. ಮೇಲಿನ ಕೇರಿಗೆ ಮುಟ್ಟುವ ಹೊತ್ತಿಗೆ ಅದು ತೆಳ್ಳಗಾಗಿರುತ್ತದೆ. ಬಾಲಿಯಲ್ಲಿ ಮೇಲಿನವನ ಕೈ ಮೇಲು, ಇಲ್ಲಿ ಕೆಳಗಿನವನದು.

ಹಾಗಾದರೆ ಕೆಳಗಿನವರಿಗೆ ಯಾವ ಭಯ? ಸದಾ ಒದ್ದೆ ಇರುವ ಬಲೆಯಲ್ಲಿ ನಾರು ತಿನ್ನುವ ಹುಳು ಹುಟ್ಟುತ್ತದೆ. ಮೇಲಿನ ಬಲೆಯಲ್ಲಿ ಹುಟ್ಟಿದ ಹುಳು ಉದುರುವುದು ಕೆಳಗಿನ ಬಲೆಗೆ. ಹುಳು ಸಾಯಬೇಕಾದರೆ ಎಲ್ಲ ಕೇರಿಯೂ ಒಟ್ಟಿಗೆ ಬಲೆ ಇಳಿಸಿ ಒಣಗಿಸಬೇಕು. ಮೇಲಿನವರು "ನಮ್ಮ ಬಲೆ ಇಳಿಸಲ್ಲ" ಅಂತ ಕೂತರೆ ಕೆಳಗಿನವರ ಗತಿ ಮುಗಿಯಿತು. ಅದಕ್ಕೆ ಬದಲಾಗಿ ಕೆಳಗಿನವರು ತಿಂಗಳಲ್ಲಿ ಇಷ್ಟು ರಾತ್ರಿ ಬಲೆ ಮಡಚಿ ಮಂಜನ್ನು ಮೇಲಕ್ಕೆ ಬಿಡುತ್ತಾರೆ.

ದಿನ ಯಾರು ಹೇಳಬೇಕು? ಮೊದಲು ಪೂಜಾರಿಯನ್ನು ಇಟ್ಟೆ. ಆಮೇಲೆ ತೆಗೆದೆ, ಅದು ಬಾಲಿಯ ನೆರಳು. ಈ ನೆಲದಲ್ಲಿ ತೇವ ಬಲ್ಲವರು ಯಾರು? ಹಗ್ಗ ಹೊಸೆಯುವ ಅಜ್ಜಿ. ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಅವಳಿಗೆ ಗಾಳಿಯ ತೇವ ಗೊತ್ತಾಗುತ್ತದೆ. ಹಾಗಾಗಿ ಅಧಿಕಾರ ಅವಳದು.

ಇಲ್ಲಿಂದ ಮುಂದಕ್ಕೆ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ವರದಕ್ಷಿಣೆ ಚಿನ್ನದಲ್ಲಿ ಅಲ್ಲ, ಮಂಜಿನ ರಾತ್ರಿಗಳಲ್ಲಿ. ಮೇಲಿನ ಕೇರಿಗೆ ಕೊಟ್ಟ ಮಗಳ ಜೊತೆ ವರ್ಷಕ್ಕೆ ಮೂರು ರಾತ್ರಿ ಹೋಗುತ್ತದೆ. ಅವಳು ಸತ್ತರೆ ಆ ರಾತ್ರಿಗಳು ಯಾರವು? ಬೈಗುಳ ಬೇಕಾಯಿತು: "ಹುಳುಬಲೆಯವನೇ!" ಹೊಗಳಿಕೆ: "ಅವನ ಬಲೆ ಮೊದಲು ಇಳಿಯುತ್ತದೆ."

ನಿಮ್ಮ ಕೈಗೆ ಬೇರೆ ಕಟ್ಟಳೆ ಸಿಕ್ಕಬಹುದು. ಲೆಂಬಾಟಾ ದ್ವೀಪದ ಲಮಲೆರಾ ಹಳ್ಳಿಯಲ್ಲಿ ತಿಮಿಂಗಿಲ ಹಿಡಿದರೆ ಸಾಗರದಲ್ಲಿ ದೋಣಿಯ ಮೂತಿಯಿಂದ ಈಟಿ ಸಮೇತ ಜಿಗಿದವನಿಗೆ ಒಂದು ಪಾಲು, ದೋಣಿ ಮಾಡಿದ ಬಡಗಿಗೆ, ಕಬ್ಬಿಣ ಬಡಿದವನಿಗೆ, ಹಾಯಿ ಮಾಡಿದವರಿಗೆ ಒಂದೊಂದು ಪಾಲು. ಒಣಗಿಸಿದ ಮಾಂಸ ಕೊಟ್ಟು ಬೆಟ್ಟದವರಿಂದ ಮೆಕ್ಕೆಜೋಳ ತರುತ್ತಾರೆ. ಆ ಪಾಲಿನ ಲೆಕ್ಕವನ್ನು ಮರುಭೂಮಿಗೆ ಒಯ್ಯಿರಿ. ತಿಮಿಂಗಿಲದ ಜಾಗದಲ್ಲಿ ಏನಿದೆ, ಬಡಗಿಯ ಜಾಗದಲ್ಲಿ ಯಾರಿದ್ದಾರೆ?

ಹಂತ 5: ಕಟ್ಟಳೆ ಮುರಿಯುವವರನ್ನು ಕರೆತನ್ನಿ

ಎಲ್ಲರೂ ಒಪ್ಪಿ ನಡೆಯುವ ಬುಡಕಟ್ಟು ಪ್ರವಾಸದ ಬ್ರೋಷರ್‌ನಲ್ಲಿ ಮಾತ್ರ ಇರುತ್ತದೆ. ಜಾವಾದ ಪಶ್ಚಿಮದ ಬಾಂಟೆನ್‌ನಲ್ಲಿ ಬಡೂಯಿ ಜನ ಇದ್ದಾರೆ. ಒಳಗಿನ ಮೂರು ಹಳ್ಳಿಯವರು ಬಿಳಿ ಬಟ್ಟೆ ಉಡುತ್ತಾರೆ. ಚಪ್ಪಲಿ ಇಲ್ಲ, ವಾಹನ ಹತ್ತುವಂತಿಲ್ಲ, ಕರೆಂಟ್ ಇಲ್ಲ. ಜಕಾರ್ತಕ್ಕೂ ನಡೆದೇ ಹೋಗುತ್ತಾರೆ. ಉದ್ದ ಇದ್ದದ್ದನ್ನು ಕತ್ತರಿಸಬೇಡ, ಗಿಡ್ಡ ಇದ್ದದ್ದಕ್ಕೆ ಜೋಡಿಸಬೇಡ ಅನ್ನುವುದು ಅವರ ಮಾತು. ಅವರ ಸುತ್ತ ಕಪ್ಪು ಅಥವಾ ಕಡುನೀಲಿ ಉಡುವ ಹೊರ ಬಡೂಯಿಗಳಿದ್ದಾರೆ, ಅವರಿಗೆ ನಿಯಮ ಸಡಿಲ. ಹಲವರ ಕೈಯಲ್ಲಿ ಮೊಬೈಲ್ ಇದೆ. ಒಳಗಿನವರು ಕಟ್ಟಳೆ ಮುರಿದರೆ ಹೊರಗಿನ ಹಳ್ಳಿಗೆ ಹೋಗಬೇಕು.

ನನಗೆ ಇದು ಬಹಳ ಜಾಣತನದ ಏರ್ಪಾಡು ಅನ್ನಿಸಿತು. ತಪ್ಪು ಮಾಡಿದವನನ್ನು ಕೊಲ್ಲಬೇಕಿಲ್ಲ, ಕಾಡಿಗೆ ಅಟ್ಟಬೇಕಿಲ್ಲ. ಅವನು ಹೋಗಲು ಒಂದು ಜಾಗ ಇದೆ, ಆ ಜಾಗದಲ್ಲೂ ಅವನು ಬಡೂಯಿಯೇ. ಫ್ಯಾಂಟಸಿಯಲ್ಲಿ ನಾವು ಮಾತೆತ್ತಿದರೆ ಗಡಿಪಾರು ಮಾಡುತ್ತೇವೆ.

ಮಿನಾಂಗ್‌ಕಬಾವ್ ಜನರಲ್ಲಿ 19ನೇ ಶತಮಾನದಲ್ಲಿ ಆದತ್ ಪರ ಇದ್ದವರಿಗೂ ಕಟ್ಟುನಿಟ್ಟಿನ ಇಸ್ಲಾಂ ಬೇಕು ಅಂದವರಿಗೂ ('ಪಾದ್ರಿ' ಅಂದರೆ ಇವರೇ, ಚರ್ಚಿನವರಲ್ಲ) ಪಾದ್ರಿ ಯುದ್ಧವೇ ಆಯಿತು. ಆ ಜಗಳದ ನಡುವೆ ಡಚ್ಚರು ನುಗ್ಗಿದರು, 1837ಕ್ಕೆ ಮುಗಿದಾಗ ಅವರು ಒಳಗೆ ಕೂತಾಗಿತ್ತು. ಅಂದರೆ ಒಂದೇ ಮನೆಯ ಅಣ್ಣ ತಮ್ಮ ಕಟ್ಟಳೆಯ ಎರಡು ಬದಿಯಲ್ಲಿ ನಿಲ್ಲಬಹುದು. ನಿಮ್ಮ ಬುಡಕಟ್ಟಿನಲ್ಲೂ ಕಟ್ಟಳೆಯನ್ನು ನಂಬುವವನು, ಬೇಸತ್ತವನು, ಅದರಿಂದ ಲಾಭ ಮಾಡಿಕೊಳ್ಳುವವನು ಮೂವರೂ ಇರಲಿ. ನನ್ನ ಕಥೆಯಲ್ಲಿ ಹಗ್ಗದ ಅಜ್ಜಿಯ ಮೊಮ್ಮಗನೇ ರಾತ್ರಿ ಕದ್ದು ಬಲೆ ಕಟ್ಟುತ್ತಾನೆ.

ಹಂತ 6: ಮುಟ್ಟಬಾರದ್ದನ್ನು ಪಕ್ಕಕ್ಕಿಡಿ

ದಕ್ಷಿಣ ಸುಲಾವೆಸಿಯ ತೊರಾಜ ಜನರ ಬಗ್ಗೆ ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು "ಜೋಂಬಿ" ಅನ್ನುವ ತಲೆಬರಹ. ನಡೆಯುವುದು ಏನು? ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆ ಆಗುವವರೆಗೆ ಅವರನ್ನು ಸತ್ತವರು ಅನ್ನುವುದಿಲ್ಲ, ಕಾಯಿಲೆಯವರು ಅನ್ನುತ್ತಾರೆ. ದೇಹ ಮನೆಯಲ್ಲೇ ಇರುತ್ತದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಊಟದ ಹೊತ್ತಿಗೆ ಅವರಿಗೂ ಊಟ. ದೊಡ್ಡ ಅಂತ್ಯಕ್ರಿಯೆಗೆ ಹಣ, ಕೋಣ, ನೆಂಟರು ಎಲ್ಲ ಕೂಡಿಬರಬೇಕು. ಕೆಲವು ಕಡೆ ವರ್ಷಗಳ ನಂತರ ದೇಹವನ್ನು ಹೊರತೆಗೆದು, ಶುಚಿ ಮಾಡಿ, ಹೊಸ ಬಟ್ಟೆ ತೊಡಿಸುವ 'ಮನೆನೆ' ಅನ್ನುವ ಆಚರಣೆಯೂ ಇದೆ. ಅದು ಅವರಿಗೆ ಅಜ್ಜಿಯನ್ನು ಮಾತಾಡಿಸಿಕೊಂಡು ಬರುವ ದಿನ.

ಇದನ್ನು ಎದ್ದು ನಡೆಯುವ ಹೆಣ ಮಾಡಿದರೆ ನೀವು ಕದ್ದದ್ದು ಒಬ್ಬರ ಅಜ್ಜಿಯನ್ನು. ಉತ್ಪ್ರೇಕ್ಷೆ ಅಲ್ಲ. ಸತ್ತವರ ನೆನಪಿಗೆ ಕೆತ್ತುವ 'ತಾವ್-ತಾವ್' ಗೊಂಬೆಗಳನ್ನು ಕಳ್ಳರು ಬಂಡೆಯ ಗೂಡುಗಳಿಂದ ಕದ್ದು ಸಂಗ್ರಾಹಕರಿಗೆ ಮಾರಿದ್ದಾರೆ. ನನ್ನ ಮೊದಲ ಕರಡಿನಲ್ಲಿ ಇದ್ದದ್ದೂ ಅವೇ ಗೊಂಬೆಗಳು. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಭೂತಕೋಲದ ವೇಷವನ್ನು ಯಾರೋ ಬರ್ತ್‌ಡೇ ಪಾರ್ಟಿಗೆ ಹಾಕಿಕೊಂಡು ಬಂದರೆ ತುಳುನಾಡಿನವರಿಗೆ ಹೇಗಾಗುತ್ತದೆ? ನಿಮ್ಮ ದೃಶ್ಯ ಹಾಗಿದ್ದರೆ ತೆಗೆದುಬಿಡಿ.

ಹಾಗಂತ ತೊರಾಜರಿಂದ ಕಲಿಯಲು ಏನೂ ಇಲ್ಲ ಅಂತಲ್ಲ. ಅಂತ್ಯಕ್ರಿಯೆಗೆ ನೆಂಟರು ತಂದ ಕೋಣ, ಹಂದಿಯ ಲೆಕ್ಕ ಇರುತ್ತದೆ. ಅವರ ಮನೆಯಲ್ಲಿ ಸಾವಾದಾಗ ತೀರಿಸಬೇಕು, ಇಲ್ಲದಿದ್ದರೆ ಮಕ್ಕಳ ತಲೆಗೆ ಬರುತ್ತದೆ. ನಮ್ಮ ಮದುವೆಯ ಮುಯ್ಯಿಯ ಪುಸ್ತಕವೇ, ಆದರೆ ಸಾವಿನದು. ಆ ಲೆಕ್ಕವನ್ನು ಧಾರಾಳವಾಗಿ ತೆಗೆದುಕೊಳ್ಳಿ. ಹೆಣವನ್ನು ಬಿಡಿ.

ದಯಾಕರು ಅಂದ ಕೂಡಲೇ ರುಂಡ ಬೇಟೆ ಅನ್ನುವವರಿಗೆ ಒಂದು ಮಾತು. 1894ರಲ್ಲಿ ಬೋರ್ನಿಯೋದ ತುಂಬಾಂಗ್ ಅನೋಯ್‌ನಲ್ಲಿ ದಯಾಕ್ ಮುಖಂಡರು ಸೇರಿ ರುಂಡ ಬೇಟೆ ನಿಲ್ಲಿಸಲು ಒಪ್ಪಿದರು. ಬೇರೆ ಬೇರೆ ಗುಂಪಿನ, ಹಳೆಯ ಹಗೆಯಿದ್ದ ಜನ ಒಂದೆಡೆ ಕೂತು ಮಾತಾಡಿದ ಆ ದಿನಗಳನ್ನು ಯೋಚಿಸಿ. ಬೇಟೆಗಿಂತ ಅದು ದೊಡ್ಡ ಕಥೆ ಅಲ್ವಾ?

ಇವು ಮುಗಿದುಹೋದ ಕಾಲದ ನಂಬಿಕೆಗಳೂ ಅಲ್ಲ. ಗುರುತಿನ ಚೀಟಿಯ ಧರ್ಮದ ಕಾಲಂನಲ್ಲಿ ಸ್ಥಳೀಯ ನಂಬಿಕೆಗಳನ್ನೂ ದಾಖಲಿಸಬಹುದು ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟದ್ದು 2017ರಲ್ಲಿ. ಅದಕ್ಕಾಗಿ ಹೋರಾಡಿದವರು ನಿಮ್ಮ ಕಥೆಯನ್ನು ಓದಬಹುದಾದ ಜನ.

ಹಂತ 7: ಹೆಸರು, ಎಲೆ ಅಡಿಕೆ

ಇದು ಬೇಗ ಮುಗಿಯುತ್ತದೆ. ನಿಜವಾದ ಜನಾಂಗದ ಹೆಸರು, ದೇವರ ಹೆಸರು ಇಡಬೇಡಿ. ಹೆಸರಿಡುವ ಪದ್ಧತಿಯನ್ನು ನೋಡಿ. ಬಾಲಿಯಲ್ಲಿ ಹುಟ್ಟಿದ 'ನಂಬರ್' ಪ್ರಕಾರ ಹೆಸರು: ಮೊದಲನೆಯದು ವಯಾನ್, ಆಮೇಲೆ ಮದೆ, ಞೊಮಾನ್, ಕೆತುತ್. ಐದನೆಯದಕ್ಕೆ ಮತ್ತೆ ವಯಾನ್. ಮಗು ಹುಟ್ಟಿದ ಮೇಲೆ ಅಪ್ಪ ಅಮ್ಮನನ್ನು ಮಗುವಿನ ಹೆಸರಿಂದ ಕರೆಯುವ ರೂಢಿಯೂ ಅಲ್ಲಿದೆ. ನಮ್ಮ ಹಳ್ಳಿಗಳ "ಪುಟ್ಟನ ಅವ್ವ" ಇದ್ದ ಹಾಗೆ. ಹಾಗೆ ಕರೆಯುವ ಊರಲ್ಲಿ ಮಕ್ಕಳಿಲ್ಲದವಳನ್ನು ಏನಂತ ಕರೆಯುತ್ತಾರೆ? ಅಲ್ಲೊಂದು ಪಾತ್ರ ಕೂತಿದೆ.

ಸುಂಬಾ ದ್ವೀಪದಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು 'ಸಿರಿಹ್ ಪಿನಾಂಗ್', ಅಂದರೆ ವೀಳ್ಯ ಮತ್ತು ಅಡಿಕೆ. ಮಲೆನಾಡಿನವರಿಗೆ ಹೊಸದಲ್ಲ. ಅಲ್ಲಿ ಎಲೆಗಿಂತ ವೀಳ್ಯದ ಬಳ್ಳಿಯ ಉದ್ದನೆಯ ಕಾಯಿಯನ್ನು ಜಗಿಯುವುದು ಹೆಚ್ಚು. ನಿಮ್ಮ ಜನ ಬಂದವರಿಗೆ ಮೊದಲು ಏನು ಕೊಡುತ್ತಾರೆ, ಬೇಡ ಅಂದರೆ ಏನಾಗುತ್ತದೆ, ಇಷ್ಟು ಗೊತ್ತಾದರೆ ಮೊದಲ ಭೇಟಿಯ ದೃಶ್ಯ ತಾನೇ ಬರೆದುಕೊಳ್ಳುತ್ತದೆ.

ಹಂತ 8: ಕಣ್ಣಿಗೆ ಕಂಡದ್ದನ್ನು ಪೂರಾ ನಂಬಬೇಡಿ

ಪಾಪುವಾದ ಕೊರೊವಾಯಿ ಜನ ಬಾನೆತ್ತರದ ಮರದ ತುದಿಯಲ್ಲಿ ಮನೆ ಕಟ್ಟಿ ಇರುವುದನ್ನು ನೀವೂ ನೋಡಿರಬಹುದು. 2011ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರದಲ್ಲೂ ಅದು ಬಂತು. ಆ ಎತ್ತರದ ಮನೆಯನ್ನು ಕ್ಯಾಮೆರಾಗಾಗಿಯೇ ಕಟ್ಟಿಸಿದ್ದು ಅಂತ 2018ರಲ್ಲಿ ಬಿಬಿಸಿಯೇ ಒಪ್ಪಿಕೊಂಡಿತು. ಕೊರೊವಾಯಿ ಜನ ಮರದ ಮೇಲೆ ಮನೆ ಕಟ್ಟುವುದು ಸುಳ್ಳಲ್ಲ, ಆದರೆ ಅಷ್ಟೆತ್ತರದಲ್ಲಿ ಬದುಕುತ್ತಾರೆ ಅನ್ನುವುದು ಹೊರಗಿನವರ ಆಸೆ. ಫ್ಯಾಂಟಸಿ ಬರೆಯುವ ನಾವು ಇಂಥ ಆಸೆಗೆ ಬೇಗ ಬೀಳುತ್ತೇವೆ.

ಒಂದೇ ವಿಷಯವನ್ನು ಮೂರು ಕಡೆ ನೋಡಿ. ಅದರಲ್ಲಿ ಒಂದಾದರೂ ಆ ಜನರೇ ಹೇಳಿದ್ದಿರಲಿ. ಇಂಡೋನೇಷ್ಯನ್ ಭಾಷೆಗೆ ರೋಮನ್ ಲಿಪಿ ಇರುವುದರಿಂದ ಹುಡುಕುವುದು, ಅನುವಾದದ ಆ್ಯಪ್‌ಗೆ ಹಾಕುವುದು ಸುಲಭ. ಹಳ್ಳಿಯ ಹೆಸರಿನ ಜೊತೆ 'ಆದತ್' (adat) ಅಥವಾ 'ಉಪಚಾರ' (upacara) ಸೇರಿಸಿ ಹುಡುಕಿದರೆ ಅಲ್ಲಿನವರೇ ಹಾಕಿದ ವಿಡಿಯೋಗಳು ಬರುತ್ತವೆ. ಅವುಗಳಲ್ಲಿ ವಿಧಿಗಿಂತ ಪಕ್ಕದಲ್ಲಿ ನಡೆಯುವುದನ್ನು ನೋಡಿ. ಯಾರು ಬೇಸರದಿಂದ ಆಕಳಿಸುತ್ತಿದ್ದಾರೆ, ಮಕ್ಕಳನ್ನು ಯಾರು ಗದರಿಸುತ್ತಿದ್ದಾರೆ, ಬೈಕ್ ಎಲ್ಲಿ ನಿಲ್ಲಿಸಿದ್ದಾರೆ. ಪುಸ್ತಕ ಆದ ಮೇಲೆ ಯಾರಿಂದ ಏನು ಕಲಿತೆ ಅಂತ ಕೊನೆಯಲ್ಲಿ ಅರ್ಧ ಪುಟ ಬರೆಯಿರಿ. ಖಳರ ಗುಂಪಿಗೆ ಮಾತ್ರ ಯಾವುದೇ ನಿಜವಾದ ಜನರ ಗುರುತು ಸಿಗದ ಹಾಗೆ ನೋಡಿಕೊಳ್ಳಿ.

ಮೊನ್ನೆ ಅದೇ ಗೆಳತಿಗೆ ಹೊಸ ಕರಡು ಕಳಿಸಿದೆ. ಬಲೆ ಇಳಿಸಿದ ದಿನಗಳಲ್ಲಿ ಊರೆಲ್ಲ ಒಣ ನಾರು ಹರಡಿರುತ್ತದೆ, ಒಂದು ಕಿಡಿ ಬಿದ್ದರೆ ಕೇರಿಯೇ ಭಸ್ಮ. ಹಾಗಾಗಿ ಯಾರೂ ಒಲೆ ಹಚ್ಚುವಂತಿಲ್ಲ. ಹಿಂದಿನ ದಿನ ಬೇಯಿಸಿದ ಗೆಡ್ಡೆಯನ್ನು ಉಪ್ಪುನೀರಿನಲ್ಲಿ ಅದ್ದಿ ತಣ್ಣಗೇ ತಿನ್ನುತ್ತಾರೆ. ತಿಂಡಿಯ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಬೀಗಿದ್ದೆ. ಅವಳಿಂದ ಒಂದೇ ಸಾಲಿನ ಮೆಸೇಜ್ ಬಂತು: "ಬಾಣಂತಿಯರಿಗೂ ತಣ್ಣಗಿರೋದೇನಾ?"

ಆ ಅಧ್ಯಾಯ ಮತ್ತೆ ತೆರೆದಿದ್ದೇನೆ.